ಲೇಔಟ್ ಅಪ್ರೂವ್ ಆಗಿದೆ ಅಂತಾರೆ, ಯಾವ ಹಂತದ್ದು ಅಂತ ಹೇಳುತ್ತಿಲ್ಲ. ಏನು ಕೇಳಬೇಕು? (ವಿಜಯಪುರ)

ಗುಮ್ಮಟದ ಊರವ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ, ಅಥಣಿ ರಸ್ತೆ ಕಡೆಯ ಒಂದು ಹಳೇ ಕಾಲೊನಿ. ನಮ್ಮ ಹಿಂದಿನ ಯರಿ (ಕಪ್ಪು ಮಣ್ಣಿನ) ಹೊಲದಲ್ಲಿ ಹೊಸ ಬಡಾವಣೆ ಬರುತ್ತಿದೆ. 11 ಎಕರೆಯಂತೆ. ಜೆಸಿಬಿ ಬಂದು ಬದು ಕಿತ್ತಿದೆ, ಕಲ್ಲು ನೆಟ್ಟಿದ್ದಾರೆ, ಮುಂದೆ ದೊಡ್ಡ ಕಮಾನು ನಿಂತಿದೆ. ರಸ್ತೆ ಇನ್ನೂ ಇಲ್ಲ, ಕಮಾನು ಮಾತ್ರ ರೆಡಿ.

ನಮ್ಮ ಮನೆಯವಳ ತಮ್ಮ ಅಲ್ಲಿ 30×40 ಸೈಟ್ ನೋಡಿ ಇಸಾರ (ಮುಂಗಡ ಹಣ) ಕೊಡಲು ತಯಾರಾಗಿದ್ದಾನೆ. ಏಜೆಂಟ ಏನು ಕೇಳಿದರೂ ಮೂರೇ ಮಾತು: "ಎನ್‌ಎ ಆಗೇದ ಸರ್, ಅಪ್ರೂವ್ ಆಗೇದ ಸರ್, ಲೋನ್ ಆಗ್ತದ ಸರ್." ಕಾಗದ ತೋರಿಸಪ್ಪಾ ಅಂದರೆ ವಾಟ್ಸಾಪ್‌ನಲ್ಲಿ ಬಣ್ಣ ಬಣ್ಣದ ಪ್ಲಾನ್ ಕಳಿಸಿದ. ಅದರಲ್ಲಿ ಸಹಿಯೂ ಇಲ್ಲ, ಶಿಕ್ಕಾನೂ ಇಲ್ಲ.

ಇನ್ನೊಂದು ಚಿಂತೆ ಇದೆ. ಆ ಹೊಲದ ನಡುವೆ ಒಂದು ಸಣ್ಣ ಹಳ್ಳ. ಮಳೆ ಬಂದರೆ ನಮ್ಮ ಕಾಲೊನಿ ನೀರೆಲ್ಲ ಅದರಲ್ಲೇ ಹೋಗುವುದು. ಈಗ ಅದರ ಒಂದು ಮಗ್ಗುಲಿಗೆ ಗರಸು ಸುರಿಯುತ್ತಿದ್ದಾರೆ. ಬೀಗರ ಕಡೆಯಿಂದ ನಾನು ಗಿರಾಕಿ, ಕಾಲೊನಿ ಕಡೆಯಿಂದ ತಕರಾರಿನವ. ಯಾರಲ್ಲಿ ಏನು ಕೇಳಬೇಕು, ತಿಳಿದವರು ಹೇಳಿ.

ಮೋಜಣಿ ಮಾಸ್ತರ

ಎನ್‌ಎ ಬೇರೆ, ಲೇಔಟ್ ಮಂಜೂರಿ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ, ಜನ ಮೋಸ ಹೋಗುವುದು ಅಲ್ಲೇ.

ಎನ್‌ಎ ಅಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಆದೇಶ. ಈ ಜಮೀನನ್ನು ಒಕ್ಕಲುತನ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಹುದು ಅಂತ. ಎಲ್ಲಿ ರಸ್ತೆ, ಎಲ್ಲಿ ಗಾರ್ಡನ್, ಎಷ್ಟು ಸೈಟ್ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಇದೆ. ಅದರ ಕೆಳಗೆ ನಕ್ಷೆ ಮಂಜೂರು ಮಾಡುವುದು ಯೋಜನಾ ಪ್ರಾಧಿಕಾರ. ನಮ್ಮ ಊರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಆ ಕೆಲಸ ಮಾಡುತ್ತದೆ.

ಅದರಲ್ಲೂ ಎರಡು ಹಂತ. ಮೊದಲು ತಾತ್ಕಾಲಿಕ ಮಂಜೂರಿ. ಅದು ಸಿಕ್ಕ ಮೇಲೆ ರಸ್ತೆ, ಗಟಾರ, ಒಳಚರಂಡಿ, ನೀರಿನ ಪೈಪ್, ಕರೆಂಟ್ ಕಂಬ, ಉದ್ಯಾನ ಎಲ್ಲ ಡೆವಲಪರ್ ತನ್ನ ರೊಕ್ಕದಲ್ಲೇ ಮಾಡಬೇಕು. ರಸ್ತೆ, ಉದ್ಯಾನ, ಸಿಎ (ಸಾರ್ವಜನಿಕ ಸೌಲಭ್ಯದ) ಜಾಗವನ್ನು ನೋಂದಾಯಿತ ಪತ್ರ ಮಾಡಿ ಪುಕ್ಕಟೆ ಬಿಟ್ಟುಕೊಡಬೇಕು. ಕೆಲಸ ನಡೆದ ಹಾಗೆ ಸೈಟ್‌ಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ಆ ಬಿಡುಗಡೆ ಆದೇಶದಲ್ಲಿ ಸೈಟ್ ನಂಬರ್ ಬರೆದಿರುತ್ತದೆ. ನಿಮ್ಮ ಹುಡುಗ ನೋಡಿದ ನಂಬರ್ ಅದರಲ್ಲಿ ಇದೆಯಾ? ಆ ಒಂದು ಹಾಳೆ ಕೇಳಿ. ಕಮಾನು, ಬಣ್ಣದ ಪ್ಲಾನ್ ಎಲ್ಲ ಬದಿಗಿಡಿ.

ಹಳ್ಳದ ವಿಷಯಕ್ಕೆ ಉತಾರ, ಅಂದರೆ ಪಹಣಿ ತೆಗೆಸಿ. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು (ಸಾಗುವಳಿಗೆ ಬಾರದ ಜಾಗ) ಅಂತ ಎರಡು ಸಾಲು ಇರುತ್ತದೆ, ಅ ಮತ್ತು ಬ. ಹಳ್ಳ, ದಾರಿ ಇವೆಲ್ಲ ಬ ಖರಾಬು. ಅದು ಸಾರ್ವಜನಿಕರದ್ದು, ಮಾಲಕ ಮಾರುವಂತಿಲ್ಲ, ಡೆವಲಪರ್ ಮುಚ್ಚುವಂತಿಲ್ಲ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತು ನೋಡಿ, ಸರ್ವೆ ನಂಬರ್ ಗಡಿ ತೋರಿಸುತ್ತದೆ. ಅಂಗುಲ ಲೆಕ್ಕಕ್ಕೆ ಅದನ್ನು ನಂಬಬೇಡಿ. ಅದಕ್ಕೆ ಹದ್ದುಬಸ್ತು ಮೋಜಣಿಯೇ (ಗಡಿ ಅಳತೆಯೇ) ಆಗಬೇಕು.

ಸೋವಿ ಸೈಟ್

ಇಷ್ಟೆಲ್ಲ ನೋಡುತ್ತಾ ಕೂತರೆ ಸೈಟ್ ತಗೊಂಡ ಹಾಗೆಯೇ. ನಮ್ಮ ಅಣ್ಣ ಮಂಜೂರಿ ಇಲ್ಲದ ಗುಂಟಾ ಪ್ಲಾಟ್ ತಗೊಂಡ, ಮನೆ ಕಟ್ಟಿದ, ಆರಾಮ ಇದ್ದಾನೆ. ಅಪ್ರೂವ್ಡ್ ಅಂತ ಹೆಸರು ಹೇಳಿ ದುಪ್ಪಟ್ಟು ತುಟ್ಟಿ ಮಾರುತ್ತಾರೆ. ಈಗ ಹೇಗೂ ಬಿ ಖಾತಾ ಕೊಡುತ್ತಿದ್ದಾರಲ್ಲ?

ಕಾಲೊನಿ ಅಕ್ಕ

ನಾನು ಹೇಳುವುದು ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಪಕ್ಕಾ ಅಪ್ರೂವ್ಡ್ ಲೇಔಟ್. ಸಹಿ, ಶಿಕ್ಕಾ, ಆದೇಶದ ನಂಬರ್ ಎಲ್ಲ ಇದೆ. ಬ್ಯಾಂಕಿನವರು ನೋಡಿ ಸಾಲ ಕೊಟ್ಟಿದ್ದಾರೆ. ನಾವು ಮನೆ ಕಟ್ಟಿ ಹೋದಾಗ ಮಗ ಅಂಗನವಾಡಿಗೆ ಹೋಗುತ್ತಿದ್ದ, ಈಗ ಪಿಯುಸಿ ಓದುತ್ತಿದ್ದಾನೆ. ಲೇಔಟ್ ಇನ್ನೂ ನಗರ ಆಡಳಿತಕ್ಕೆ ಹಸ್ತಾಂತರ ಆಗಿಲ್ಲ.

ಹಸ್ತಾಂತರ ಆಗಿಲ್ಲ ಅಂದರೆ ಏನಾಗುತ್ತದೆ ಅಂತ ಸೈಟ್ ತಗೊಳ್ಳುವಾಗ ಯಾರೂ ಹೇಳಲ್ಲ. ನಾನು ಹೇಳುತ್ತೇನೆ. ಬೀದಿ ದೀಪದ ಮೀಟರ್ ಡೆವಲಪರ್ ಹೆಸರಿನಲ್ಲಿದೆ. ಸೈಟ್ ಎಲ್ಲ ಮಾರಿದ ಮೇಲೆ ಅವರು ಬಿಲ್ ಕಟ್ಟುವುದು ಬಿಟ್ಟರು. ಒಂದಿನ ಫ್ಯೂಸ್ ಕಿತ್ತುಕೊಂಡು ಹೋದರು. ಆಮೇಲೆ ಮನೆಗೆ ಇಷ್ಟು ಅಂತ ಪಟ್ಟಿ ಹಾಕಿ ನಾವೇ ಬಿಲ್ ಕಟ್ಟುತ್ತಿದ್ದೇವೆ. ಸ್ವಿಚ್ ಬೋರ್ಡ್ ನಮ್ಮ ಕಂಪೌಂಡ್ ಗೋಡೆಗೆ ಇದೆ. ಸಂಜೆ ದೇವರಿಗೆ ದೀಪ ಹಚ್ಚಿ, ಹೊರಗೆ ಬಂದು ಇಡೀ ಕಾಲೊನಿಯ ದೀಪ ಹಾಕುವವಳು ನಾನು. ಬೆಳಗ್ಗೆ ವಾಕಿಂಗ್ ಹೋಗುವ ಕಾಕಾ ಆರಿಸುತ್ತಾರೆ. ನಾವು ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಬೋರ್ಡಿನ ಕೀಲಿ ಕೊಟ್ಟು ಹೋಗಬೇಕು.

ಒಳಚರಂಡಿದು ಇನ್ನೂ ಚೆಂದ. ಚೇಂಬರ್ ಇದೆ, ಪೈಪ್ ಇದೆ. ಆ ಪೈಪ್ ಹೋಗಿ ಸೇರಬೇಕಾದ ಊರ ಲೈನ್ ಇಲ್ಲ! ಕೊನೆಯ ಚೇಂಬರ್ ತುಂಬಿದರೆ ಪಕ್ಕದ ಜೋಳದ ಹೊಲಕ್ಕೆ ಹರಿಯುತ್ತದೆ. ಹೊಲದವರು ಬಂದು ಬಾಯಿಗೆ ಬಂದಂತೆ ಬಯ್ಯುತ್ತಾರೆ. ಬಯ್ಯದೆ ಮತ್ತೇನು ಮಾಡಬೇಕು ಅವರು? ಒಂದು ಕಚೇರಿಗೆ ಹೋದರೆ "ನಿಮ್ಮ ಲೇಔಟ್ ನಮಗೆ ಬಂದಿಲ್ಲ" ಅನ್ನುತ್ತಾರೆ, ಇನ್ನೊಂದು ಕಚೇರಿಗೆ ಹೋದರೆ "ಲೈನ್ ಜೋಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅನ್ನುತ್ತಾರೆ. ಮನೆ ಕರ ಮಾತ್ರ ವರ್ಷ ವರ್ಷ ಕಟ್ಟುತ್ತಿದ್ದೇವೆ.

ಹಾಗಾಗಿ ತಮ್ಮಾ, ಅಪ್ರೂವ್ ಆಗಿದೆಯಾ ಅಂತ ಕೇಳುವ ಜೊತೆಗೆ ಒಳಚರಂಡಿ ಎಲ್ಲಿ ಹೋಗಿ ಸೇರುತ್ತದೆ, ಬೀದಿ ದೀಪದ ಮೀಟರ್ ಯಾರ ಹೆಸರಿನಲ್ಲಿ, ಹಸ್ತಾಂತರ ಯಾವಾಗ ಅಂತಲೂ ಕೇಳು. ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ತಗೋ.

ನಿರ್ವಾಹಕ

ಎಲ್ಲರಿಗೂ ಒಂದು ವಿನಂತಿ. ಡೆವಲಪರ್ ಹೆಸರು, ಅಧಿಕಾರಿಗಳ ಹೆಸರು, ಸರ್ವೆ ನಂಬರ್ ಇಲ್ಲಿ ಹಾಕಬೇಡಿ. ಎರಡು ಪೋಸ್ಟ್ ತೆಗೆದಿದ್ದೇವೆ. ವಿಷಯ ಮಾತ್ರ ಮಾತಾಡೋಣ.

ಹೊಲದ ಮಾಲಕ

ಡೆವಲಪರ್ ಕಡೆಯಿಂದ ಯಾರೂ ಮಾತಾಡುತ್ತಿಲ್ಲ. ನಾನು ಡೆವಲಪರ್ ಅಲ್ಲ, ಹೊಲ ಇರುವವ. ಆದರೂ ಹೇಳುತ್ತೇನೆ.

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ನಿಯಮದ ಪ್ರಕಾರ ಉದ್ಯಾನ, ಸಿಎ, ರಸ್ತೆ ಎಲ್ಲ ಬಿಟ್ಟರೆ ಸೈಟಿಗೆ ಉಳಿಯುವುದು ಹೆಚ್ಚೂಕಮ್ಮಿ ಶೇ 55. ಅಂದರೆ ಸುಮಾರು 24 ಸಾವಿರ ಚದರ ಅಡಿ, 30×40ರ ಇಪ್ಪತ್ತು ಸೈಟ್. ಅದೇ ಎಕರೆಯನ್ನು ಗುಂಟಾ ಲೆಕ್ಕದಲ್ಲಿ ಹಂಚಿದರೆ, ನಡುವೆ ಒಂದು ಬಂಡಿ ದಾರಿ ಬಿಟ್ಟು 34-35 ಗುಂಟೆ ಮಾರಬಹುದು. ಒಂದೊಂದು ಗುಂಟೆ 1,089 ಚದರ ಅಡಿ. ರಸ್ತೆ ಖರ್ಚಿಲ್ಲ, ಪೈಪ್ ಖರ್ಚಿಲ್ಲ, ಕಚೇರಿ ಅಲೆದಾಟ ಇಲ್ಲ. ಸೋವಿ ಸೈಟ್ ಅವರ ಅಣ್ಣನಿಗೆ ಸೋವಿ ಸಿಕ್ಕಿದ್ದು ಯಾಕೆ ಅಂತ ಗೊತ್ತಾಯಿತಾ?

ನನ್ನ ತಕರಾರು ಇಷ್ಟೇ. ಕಾಯ್ದೆ ಪ್ರಕಾರ ಮಾಡುವವನಿಗೆ ವರ್ಷಗಟ್ಟಲೆ ತಡ. ಬಡ್ಡಿ ಓಡುತ್ತಿರುತ್ತದೆ. ಕಾಯ್ದೆ ಬಿಟ್ಟು ಮಾಡುವವನು ಒಂದು ಸುಗ್ಗಿಯೊಳಗೆ ರೊಕ್ಕ ಎಣಿಸಿಕೊಂಡು ಹೋಗಿರುತ್ತಾನೆ. ನಮ್ಮಂಥವರು ಜಂಟಿಯಾಗಿ ಲೇಔಟ್ ಮಾಡೋಣ ಅಂದರೂ ಧೈರ್ಯ ಬರಲ್ಲ. ಮಂಜೂರಿ ಬಿಗಿ ಇರಲಿ, ಬೇಡ ಅನ್ನಲ್ಲ. ಬೇಗ ಕೊಡಲಿ.

ಕಾಲೊನಿ ಅಕ್ಕ

ಕಾಕಾ, ತಡ ಆಗುವುದು ತಪ್ಪೇ. ಆದರೆ ನೀವು ಹೇಳಿದ ಆ 34 ಗುಂಟೆಯಲ್ಲಿ ಮಕ್ಕಳು ಎಲ್ಲಿ ಆಡಬೇಕು? ಅಂಬುಲೆನ್ಸ್ ಹೇಗೆ ಒಳಗೆ ಬರಬೇಕು?

ಹೊಲದ ಮಾಲಕ

ಅದಕ್ಕೇ ನಾನು ಇನ್ನೂ ಮಾರಿಲ್ಲವಾ, ತಂಗಿ.

ಕಲಂ ಕಾನೂನು

ಬಿ ಖಾತಾ ವಿಷಯ ಸ್ಪಷ್ಟ ಮಾಡುತ್ತೇನೆ. 2025ರಲ್ಲಿ ನಗರಸಭೆ, ಪಾಲಿಕೆಗಳಲ್ಲಿ ಅಭಿಯಾನ ನಡೆಸಿ ಕೊಟ್ಟದ್ದು ಅದಾಗಲೇ ಆಗಿ ಹೋಗಿರುವ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ. ಅವನ್ನು ಕರದ ಲೆಕ್ಕಕ್ಕೆ ತರುವುದು ಅದರ ಕೆಲಸ. ಹೊಸದಾಗಿ ಗುಂಟಾ ಪ್ಲಾಟ್ ಹಾಕಿ ಮಾರಿ, ಬಿ ಖಾತಾ ಸಿಗುತ್ತದೆ ಅಂತ ಯಾರೂ ಹೇಳಿಲ್ಲ. ಅಕ್ರಮ ಸಕ್ರಮ (ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ) ಬರುತ್ತದೆ ಅಂತ ಕಾದು ಕೂತವರೂ ಇದ್ದಾರೆ. ಅದಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಮೇಲಾಗಿ ಈಗ ಇ-ಖಾತಾ ಇಲ್ಲದೆ ಖರೀದಿ ಪತ್ರ ನೋಂದಣಿ ಆಗುವುದೇ ಕಷ್ಟ. ನಾಳೆ ಮಾರಬೇಕು ಅಂದಾಗ ಸೋವಿ ಸೈಟ್‌ನ ನಿಜವಾದ ಬೆಲೆ ಗೊತ್ತಾಗುತ್ತದೆ.

ಗುಮ್ಮಟದ ಊರವರೇ, ನಿಮ್ಮದು 11 ಎಕರೆ ಅಂದಿರಿ. 500 ಚದರ ಮೀಟರ್ ಮೀರಿದ ಯಾವುದೇ ಪ್ಲಾಟ್ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಬೇಕು. 2016ರ ಕಾಯ್ದೆ. ನೋಂದಣಿ ಇಲ್ಲದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣ ತಗೊಳ್ಳುವಂತಿಲ್ಲ. ನೋಂದಣಿ ಇದ್ದರೂ ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳಬೇಕಾದರೆ ಮೊದಲು ಕರಾರು ಪತ್ರ ನೋಂದಣಿ ಮಾಡಿಸಬೇಕು. ನಮ್ಮ ಕಡೆ 50 ರೂಪಾಯಿ ಬಾಂಡಿನ ಮೇಲೆ ಇಸಾರ ಪತ್ರ ಬರೆದು ಅರ್ಧ ದುಡ್ಡು ಎಣಿಸಿ ಕೊಡುವ ಚಟ ಇದೆ. ದಯವಿಟ್ಟು ಬಿಡಿ.

ಏಜೆಂಟನಿಗೆ ರೇರಾ ನಂಬರ್ ಕೇಳಿ. ನಂಬರ್ ಸಿಕ್ಕರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆ ತೆರೆದು ನೋಡಿ. ಮಂಜೂರಾದ ನಕ್ಷೆ, ಎನ್‌ಎ ಆದೇಶ ಅಲ್ಲೇ ಸಿಗುತ್ತವೆ. ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಆ ನಕ್ಷೆ ಬದಲಿಸುವ ಹಾಗಿಲ್ಲ.

ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯಬೇಡಿ. "ಈ ಸರ್ವೆ ನಂಬರ್‌ನ ಬಡಾವಣೆಯ ತಾತ್ಕಾಲಿಕ ಮತ್ತು ಅಂತಿಮ ಮಂಜೂರಿ ಆದೇಶ, ನಕ್ಷೆ, ಸೈಟ್ ಬಿಡುಗಡೆ ಆದೇಶ, ರಸ್ತೆ ಮತ್ತು ಉದ್ಯಾನ ಬಿಟ್ಟುಕೊಟ್ಟ ಪತ್ರ, ಇವುಗಳ ದೃಢೀಕೃತ ನಕಲು ಕೊಡಿ." ಇಷ್ಟು ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು.

ಸಿವಿಲ್ ಹುಡುಗ

ನಾನು ಸೈಟ್ ಎಂಜಿನಿಯರ್. ಕಾಗದದ ಮಾತು ದೊಡ್ಡವರು ಹೇಳಿದ್ದಾರೆ, ನಾನು ಮಣ್ಣಿನ ಮಾತು ಹೇಳುತ್ತೇನೆ.

ಯರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೊದಲ ಮಳೆಯನ್ನು ಪೂರಾ ಕುಡಿಯುತ್ತದೆ. ಆಮೇಲೆ ಉಬ್ಬಿ ಬಿರುಕು ಮುಚ್ಚುತ್ತದೆ. ಅದಾದ ಮೇಲೆ ಬಿದ್ದ ನೀರು ಇಂಗಲ್ಲ, ಹರಿಯುತ್ತದೆ. ವಿಜಯಪುರದಲ್ಲಿ ಮಳೆ ಕಡಿಮೆ ಅಂತ ಗಟಾರ ಸಣ್ಣದು ಮಾಡುತ್ತಾರೆ. ವರ್ಷದ ಮಳೆ ಕಡಿಮೆ ಇರಬಹುದು, ಬಂದಾಗ ಒಂದೇ ರಾತ್ರಿ ಸುರಿಯುತ್ತದೆ. ಹೊಲ ಇದ್ದಾಗ ಬದು ನೀರು ತಡೆಯುತ್ತಿತ್ತು. ಈಗ ಬದು ಇಲ್ಲ, ಮೇಲೆ ರಸ್ತೆ, ತಾರಸಿ. ಅಷ್ಟೂ ನೀರು ಒಮ್ಮೆಲೇ ಆ ಹಳ್ಳಕ್ಕೆ ಬರುತ್ತದೆ. ಹಳ್ಳ ಅಗಲ ಮಾಡಬೇಕಾದ ಹೊತ್ತಿನಲ್ಲಿ ಸಣ್ಣದು ಮಾಡಿದರೆ ನಿಮ್ಮ ಕಾಲೊನಿಗೆ ನೀರು ವಾಪಸ್ ಬರುವುದು ಖಂಡಿತ.

ರಸ್ತೆ ನೋಡುವುದು ಹೇಗೆ ಅಂದರೆ, ಪೈಪ್ ಹಾಕಲು ಅಡ್ಡ ಅಗೆದಿರುತ್ತಾರಲ್ಲ, ಅಲ್ಲಿ ಕೂತು ಅಂಚು ನೋಡಿ. ಮೇಲೆ ಡಾಂಬರು, ಕೆಳಗೆ ಖಡಿ, ಅದರ ಕೆಳಗೆ ಗರಸು, ಪದರ ಪದರ ಕಾಣಬೇಕು. ಡಾಂಬರು ಎತ್ತಿದರೆ ಸೀದಾ ಕಪ್ಪು ಮಣ್ಣು ಕಂಡರೆ ಎರಡು ಮಳೆಗಾಲ ದಾಟಲ್ಲ. ಕಪ್ಪು ಮಣ್ಣು ತೆಗೆದು ಗರಸು ತುಂಬಿ ರೋಲರ್ ಹೊಡೆಯಲು ಖರ್ಚು ಜಾಸ್ತಿ, ಮೇಲಿಂದ ನೋಡಿದರೆ ಕಾಣಲ್ಲ. ಹಾಗಾಗಿ ಮೊದಲು ಉಳಿಸುವುದು ಅದನ್ನೇ. ಗಟಾರಕ್ಕೆ ಇನ್ನೂ ಸುಲಭ: ಎರಡು ಕೊಡ ನೀರು ಸುರಿದು ಯಾವ ಕಡೆ ಹೋಗುತ್ತದೆ ನೋಡಿ. ಅಲ್ಲೇ ನಿಂತರೆ ಲೆವೆಲ್ ತೆಗೆದಿಲ್ಲ ಅಂತ ಅರ್ಥ.

ಸೋವಿ ಸೈಟ್

ಎರಡು ಕೊಡ ನೀರು ಹೊತ್ತುಕೊಂಡು ಸೈಟ್ ನೋಡಲು ಹೋದರೆ ಏಜೆಂಟ ಹುಚ್ಚ ಅನ್ನುತ್ತಾನೆ.

ಸಿವಿಲ್ ಹುಡುಗ

ಅನ್ನಲಿ ಬಿಡಿ. ಮೂವತ್ತು ಲಕ್ಷ ಕೊಡುವವರು ನಾವು.

ಜೋಳದ ರೊಟ್ಟಿ

ನಮ್ಮ ಊರಿಗೇ ಇರುವ ಇನ್ನೊಂದು ತೊಡಕು ಯಾರೂ ಹೇಳಲಿಲ್ಲ. ಇಲ್ಲಿ ಎತ್ತ ತಿರುಗಿದರೂ ಸ್ಮಾರಕ. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಮತ್ತೆ 200 ಮೀಟರ್ ಅನುಮತಿ ಬೇಕು. 2010ರ ತಿದ್ದುಪಡಿ. ನನ್ನ ಗೆಳೆಯನೊಬ್ಬ ಸೈಟ್ ತಗೊಂಡ ಮೇಲೆ ತಿಳಿದುಕೊಂಡ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಅಂದರೆ ಎಲ್ಲರಿಗೂ ಗೊತ್ತಿರುತ್ತದೆ. ಹೆಸರಿಲ್ಲದ ಸಣ್ಣ ಗುಮ್ಮಟ, ಹಾಳು ಬಾವಿ ಪಕ್ಕದಲ್ಲಿದ್ದರೂ ಒಂದು ಸಲ ವಿಚಾರಿಸಿ. ತೊರವಿ ಕಡೆಯವರಂತೂ ಆದಿಲ್‌ಶಾಹಿ ಕಾಲದ ಸುರಂಗ ಬಾವಿ ಸಾಲು ನೋಡಿಕೊಂಡೇ ಮುಂದುವರಿಯಬೇಕು. ನಾಲ್ಕುನೂರು ವರ್ಷದ ಹಿಂದೆ ಊರಿಗೆ ನೀರು ತಂದ ದಾರಿ ಅದು. ಈಗ ಅದರ ಬಾಯಿಗೆ ಕಸ ತುಂಬುತ್ತಾರೆ ಅಂದರೆ ಹೊಟ್ಟೆ ಉರಿಯುತ್ತದೆ. ಇರಲಿ, ವಿಷಯ ಬೇರೆ ಕಡೆ ಹೋಯಿತು.

ಗುಮ್ಮಟದ ಊರವ

ಎಲ್ಲರಿಗೂ ಧನ್ಯವಾದ. ರೇರಾ ನಂಬರ್ ಕೇಳಿದ್ದಕ್ಕೆ ಏಜೆಂಟ ಸ್ವಲ್ಪ ಮುಖ ಗಂಟು ಹಾಕಿದ, ಆದರೆ ಕೊಟ್ಟ. ನೋಂದಣಿ ಇದೆ. ನಕ್ಷೆಯೂ ಸಿಕ್ಕಿತು. ತಾತ್ಕಾಲಿಕ ಮಂಜೂರಿ ಮಾತ್ರ ಆಗಿದೆ. ಸೈಟ್ ಬಿಡುಗಡೆ ಆದೇಶ ಎಲ್ಲೂ ಕಾಣಲಿಲ್ಲ.

ನಕ್ಷೆಯ ಬಲಗಡೆ ಕೆಳಗೆ ವಿಸ್ತೀರ್ಣದ ಕೋಷ್ಟಕ ಇದೆ. ಉದ್ಯಾನ 44 ಗುಂಟೆ ಅಂತ ಬರೆದಿದ್ದಾರೆ. ಓದಿ ಖುಷಿಯಾಯಿತು. ಎಲ್ಲಿದೆ ಅಂತ ಹುಡುಕಿದರೆ ಮೂರು ತುಂಡು. ಎರಡು ತುಂಡು ಸರಿ ಇವೆ. ಮೂರನೆಯದು ಹಳ್ಳದ ಗುಂಟ ಉದ್ದಕ್ಕೆ ಹಾವಿನ ಹಾಗೆ ಹೋಗಿರುವ ಹಸಿರು ಪಟ್ಟಿ. ಹಳ್ಳವನ್ನು ಬೇರೆ ಬಣ್ಣದಲ್ಲಿ ತೋರಿಸಿಯೇ ಇಲ್ಲ. ಉತಾರದಲ್ಲಿ ಬ ಖರಾಬು 12 ಗುಂಟೆ ಇದೆ.

ಮೋಜಣಿ ಮಾಸ್ತರ

ನಾನು ಅಂದುಕೊಂಡದ್ದೇ. ಲೆಕ್ಕ ಹಾಕಿ. 11 ಎಕರೆ ಅಂದರೆ 440 ಗುಂಟೆ. ಖರಾಬು 12 ಕಳೆದರೆ 428. ಅದರಲ್ಲಿ ಉದ್ಯಾನಕ್ಕೆ ಶೇ 10 ಅಂದರೆ ಸುಮಾರು 43 ಗುಂಟೆ ಆಗಬೇಕು. ಅವರು 44 ತೋರಿಸಿದ್ದಾರೆ, ಆದರೆ ಆ ಹಸಿರು ಪಟ್ಟಿಯಲ್ಲಿ ಹಳ್ಳದ 12 ಗುಂಟೆ ಸೇರಿದ್ದರೆ ನಿಜವಾದ ಉದ್ಯಾನ 32 ಮಾತ್ರ. ಸರ್ಕಾರದ ಹಳ್ಳವನ್ನೇ ತಿರುಗಿ ಸರ್ಕಾರಕ್ಕೆ ಉದ್ಯಾನ ಅಂತ ಬಿಟ್ಟುಕೊಟ್ಟ ಹಾಗೆ! ಸೇರಿದೆಯೋ ಇಲ್ಲವೋ ಅನ್ನುವುದನ್ನು ಮೋಜಣಿ ನಕ್ಷೆಯನ್ನು ಈ ನಕ್ಷೆಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಭೂಮಾಪನ ಕಚೇರಿಯಲ್ಲಿ ಟಿಪ್ಪಣಿ (ಮೂಲ ಅಳತೆ ನಕ್ಷೆ) ನಕಲು ಸಿಗುತ್ತದೆ, ತಗೊಳ್ಳಿ.

ಇನ್ನೊಂದು. ಅಂತಿಮ ಮಂಜೂರಿ ಆಗಿ ಕೆಜೆಪಿ (ಕಮ್ಮಿ ಜಾಸ್ತಿ ಪತ್ರಿಕೆ) ಆದ ಮೇಲೆ ಸರಿಪಡಿಸುವುದು ಬಹಳ ಕಷ್ಟ. ಸರ್ವೆ ನಂಬರ್ ಒಡೆದು ಸೈಟಿಗೊಂದು ದಾಖಲೆ ಆಗಿಬಿಟ್ಟಿರುತ್ತದೆ. ತಾತ್ಕಾಲಿಕ ಹಂತದಲ್ಲಿದೆ ಅಂದರೆ ನಿಮ್ಮ ಪುಣ್ಯ. ಈಗಲೇ ಲಿಖಿತ ಆಕ್ಷೇಪಣೆ ಕೊಡಿ. ಒಂದು ಪ್ರತಿ ಪ್ರಾಧಿಕಾರಕ್ಕೆ, ಖರಾಬಿನ ಮಟ್ಟಿಗೆ ಇನ್ನೊಂದು ತಹಶೀಲ್ದಾರರಿಗೆ. ಸ್ವೀಕೃತಿ ಶಿಕ್ಕಾ ಹಾಕಿಸಿಕೊಳ್ಳದೆ ಬರಬೇಡಿ.

ಕಲಂ ಕಾನೂನು

ಆಕ್ಷೇಪಣೆಯಲ್ಲಿ ಭಾಷಣ ಬೇಡ. ಖರಾಬು ಎಷ್ಟು, ನಕ್ಷೆಯಲ್ಲಿ ಉದ್ಯಾನ ಎಷ್ಟು, ಗರಸು ಎಲ್ಲಿ ಬಿದ್ದಿದೆ, ದಿನಾಂಕ ಇರುವ ಫೋಟೊ ಎಷ್ಟು, ಇಷ್ಟೇ. ಉದ್ಯಾನದ ವಿಷಯಕ್ಕೆ ನೆರೆಯವರಿಗೆ ಏನು ಹಕ್ಕು ಅಂತ ಯಾರಾದರೂ ಕೇಳಿದರೆ 1991ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ನಿವಾಸಿಗಳಿಗೆ ಕೇಳುವ ಹಕ್ಕಿದೆ ಅಂತ ಕೋರ್ಟ್ ಒಪ್ಪಿತು, ಹಂಚಿಕೆ ರದ್ದಾಯಿತು.

ಹೊಲದ ಮಾಲಕ

ಊರವರೇ, ಒಂದು ಮಾತು. ಅರ್ಜಿ ಕೊಡುವ ಮೊದಲು ಆ ಡೆವಲಪರ್ ಜೊತೆ ಒಮ್ಮೆ ಕೂತು ಮಾತಾಡಿ. ಕೆಲವರು ಡ್ರಾಯಿಂಗ್ ಮಾಡುವವನಿಗೆ ಬಿಟ್ಟು ಕೂತಿರುತ್ತಾರೆ, ಖರಾಬಿನ ಲೆಕ್ಕ ಗೊತ್ತೇ ಇರಲ್ಲ. ತಕರಾರು ಬಿದ್ದರೆ ಸೈಟ್ ಬಿಡುಗಡೆ ನಿಲ್ಲುತ್ತದೆ ಅನ್ನುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಳ್ಳ ಬಿಟ್ಟುಕೊಡಲು ಒಪ್ಪಬಹುದು.

ಕಾಲೊನಿ ಅಕ್ಕ

ಮಾತಾಡಲಿ ಕಾಕಾ, ಬೇಡ ಅನ್ನಲ್ಲ. ಆದರೆ ಅರ್ಜಿ ಕೊಟ್ಟು ಆಮೇಲೆ ಮಾತಾಡಲಿ. ನಾವು ಮೊದಲು ಮಾತಾಡಿ ಆಮೇಲೆ ಅರ್ಜಿ ಕೊಟ್ಟವರು.

ಗುಮ್ಮಟದ ಊರವ

ಅಕ್ಕ ಹೇಳಿದ ಹಾಗೇ ಮಾಡುತ್ತೇವೆ. ಭಾನುವಾರ ಕಾಲೊನಿಯ ಹನುಮಪ್ಪನ ಗುಡಿಯಲ್ಲಿ ಎಲ್ಲರನ್ನೂ ಸೇರಿಸಿ ಸಹಿ ಹಾಕಿಸುತ್ತೇವೆ, ಸೋಮವಾರ ಎರಡೂ ಕಚೇರಿಗೆ ಕೊಡುತ್ತೇವೆ. ಟಿಪ್ಪಣಿ ನಕಲಿಗೂ ಅರ್ಜಿ ಹಾಕಿದ್ದೇನೆ. ಒಳಚರಂಡಿ ಎಲ್ಲಿ ಸೇರುತ್ತದೆ ಅಂತ ಕೇಳಿದ್ದಕ್ಕೆ ಏಜೆಂಟ "ಆಫೀಸಿಗೆ ಬನ್ನಿ, ಕೂತು ಮಾತಾಡೋಣ" ಅಂದಿದ್ದಾನೆ.

ನಮ್ಮ ಹುಡುಗ ಮಾತ್ರ ಇನ್ನೂ ಗಟ್ಟಿಯಾಗಿ ಬಿಟ್ಟಿಲ್ಲ. ಇಸಾರ ಕೊಡುವುದು ಬಿಡುಗಡೆ ಆದೇಶ ಬರುವ ತನಕ ನಿಲ್ಲಿಸಿದ್ದಾನೆ, ಆದರೆ ಈಗ ಬೇರೆ ಸೈಟ್ ತೋರಿಸಿದ್ದಾರಂತೆ. ಕಾರ್ನರ್, ಪೂರ್ವಕ್ಕೆ ಬಾಗಿಲು, ರೇಟಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರಂತೆ.

ಮೋಜಣಿ ಮಾಸ್ತರ

ಕಾರ್ನರ್ ಸೈಟ್, ಮೇಲೆ ರೇಟೂ ಕಡಿಮೆಯಾ? ಹಳ್ಳದ ಕಡೆಯದ್ದೇ ಇರಬೇಕು. ನಕ್ಷೆಯ ಆ ಭಾಗದ ಫೋಟೊ ನನಗೆ ಖಾಸಗಿಯಾಗಿ ಕಳಿಸಿ, ನೋಡಿ ಹೇಳುತ್ತೇನೆ.